ಆಟಿ ತಿಂಗಳ ಅಂಗಳ: ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಮನೆಗೆ ಬರುವ ಕಲೆ ಮತ್ತು ನಿತ್ಯದ ನೆಮ್ಮದಿ

ಕಲೆಗೂ ಆರೋಗ್ಯಕ್ಕೂ ಇರುವ ನಂಟನ್ನು ಅಳೆದು ನೋಡುವ ಪ್ರಯತ್ನಗಳು ಈಚಿನ ವರ್ಷಗಳಲ್ಲಿ ಹೆಚ್ಚಿವೆ. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ಕಚೇರಿ 2019ರಲ್ಲಿ ಹೊರತಂದ ವರದಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಾಮರ್ಶಿಸಿ, ರೋಗ ತಡೆಯುವಲ್ಲಿಯೂ ಮನಸ್ಸನ್ನು ಹದದಲ್ಲಿಡುವಲ್ಲಿಯೂ ಕಲೆಗೆ ಪಾತ್ರವಿದೆ ಎಂದಿತು. ಅದೇ ವರ್ಷ ಡೇಸಿ ಫ್ಯಾನ್‌ಕೋರ್ಟ್ ಮತ್ತು ಆಂಡ್ರ್ಯೂ ಸ್ಟೆಪ್ಟೋ ಇಂಗ್ಲೆಂಡಿನ 50 ದಾಟಿದ 6710 ಮಂದಿಯ 14 ವರ್ಷಗಳ ಮಾಹಿತಿಯನ್ನು ವಿಶ್ಲೇಷಿಸಿದರು. ಕೆಲವು ತಿಂಗಳಿಗೊಮ್ಮೆಯಾದರೂ ವಸ್ತುಸಂಗ್ರಹಾಲಯ, ನಾಟಕ, ಸಂಗೀತ ಕಛೇರಿಗಳಿಗೆ ಹೋಗುತ್ತಿದ್ದವರಲ್ಲಿ ಆ ಅವಧಿಯ ಸಾವಿನ ಸಂಭವ ಶೇ. 31ರಷ್ಟು ಕಡಿಮೆ ಇತ್ತು. ಇದು ನಂಟು ಮಾತ್ರ, ಕಾರಣವೆಂದು ಹೇಳಲಾಗದು ಎಂಬ ಎಚ್ಚರವನ್ನೂ ಅವರು ಉಳಿಸಿಕೊಂಡಿದ್ದಾರೆ.

ಅಲ್ಲಿ ಅಳೆದದ್ದು ಜನ ಮನೆಯಿಂದ ಹೊರಟು ಕಲೆಯ ಬಳಿಗೆ ಹೋದದ್ದನ್ನು. ಈ ಅಳತೆಗೋಲನ್ನು ಹಾಗೆಯೇ ಸುಳ್ಯದ ಒಂದು ಅಡಿಕೆ ತೋಟದ ಮನೆಗೆ ತಂದರೆ ಏನಾದೀತು? ಆ ಮನೆಯ ಅಜ್ಜಿ ಕಲಾಗ್ಯಾಲರಿ ಕಂಡವರಲ್ಲ, ಸಂಗೀತ ಕಛೇರಿಗೆ ಟಿಕೇಟು ಕೊಂಡವರಲ್ಲ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಸೊನ್ನೆ ಬೀಳುತ್ತದೆ. ಆದರೆ ಈ ಸೀಮೆಯಲ್ಲಿ ಕಲೆಯೇ ಮನೆಗೆ ನಡೆದು ಬರುತ್ತದೆ, ಅದೂ ವರ್ಷದ ಅತ್ಯಂತ ಕಷ್ಟದ ದಿನಗಳಲ್ಲಿ. ಇಲ್ಲಿನ ನೆಮ್ಮದಿಯ ಗುಟ್ಟು ಈ ಬರವಿನಲ್ಲಿದೆ ಎಂಬುದು ಈ ಲೇಖನದ ವಾದ.

ವಾದದ ಬುಡದಲ್ಲಿರುವುದು ಇಲ್ಲಿನ ನೆಲ. ಬಯಲುಸೀಮೆಯ ಹಾಗೆ ಮನೆಗೆ ಮನೆ ತಾಗಿಕೊಂಡ ಊರು ಇಲ್ಲಿ ಅಪರೂಪ. ಗುಡ್ಡದ ಬದಿಯಲ್ಲೊಂದು, ತೋಟದ ನಡುವೆ ಒಂದು, ತೋಡಿನಾಚೆ ಮತ್ತೊಂದು ಮನೆ. ಎಷ್ಟೋ ಕಡೆ ಒಂದು ಅಂಗಳದಲ್ಲಿ ನಿಂತರೆ ಇನ್ನೊಂದು ಅಂಗಳ ಕಾಣುವುದಿಲ್ಲ. ಮುಂಗಾರು ಹಿಡಿಯಿತೆಂದರೆ ತೋಡು ತುಂಬಿ, ಕಾಲುಸಂಕ ಜಾರಿ, ಈ ದೂರ ಇನ್ನೂ ಬೆಳೆಯುತ್ತದೆ. ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕೋಲ, ನೇಮಗಳಿಗೂ ವಿರಾಮ. ಮುಂದೆ ಬರುವ ಆಟಿ ಹಿಂದೆ ಕಣಜ ಬರಿದಾಗುವ, ಜ್ವರ ಹಬ್ಬುವ ತಿಂಗಳಾಗಿತ್ತು. ಕೆಸು, ತಜಂಕ್, ಕಣಿಲೆಯಲ್ಲಿ ಹೊಟ್ಟೆ ತುಂಬಿಸಿಕೊಂಡ ನೆನಪು ಹಿರಿಯರಲ್ಲಿ ಇನ್ನೂ ಇದೆ.

ಆಟಿ ಕಳೆಂಜ ಮನೆಗೆ ಬರುವುದು ಈ ತಿಂಗಳಲ್ಲೇ. ನಲಿಕೆ ಸಮುದಾಯದ ಕಲಾವಿದರು ಎಳೆ ತೆಂಗಿನ ಗರಿಯ ಉಡುಗೆ ತೊಟ್ಟು, ಓಲೆಕೊಡೆ ಹಿಡಿದು, ತೆಂಬರೆಯ ಬಡಿತಕ್ಕೆ, ಪಾಡ್ದನದ ಸೊಲ್ಲಿಗೆ ಅಂಗಳದಲ್ಲಿ ಕುಣಿಯುತ್ತಾರೆ. ಊರಿಗೆ ಬಂದ ಮಾರಿಯನ್ನು ಕಳೆಂಜ ಕಳೆಯುತ್ತಾನೆಂಬುದು ನಂಬಿಕೆ. ಮನೆಯವರು ಅಕ್ಕಿ, ತೆಂಗಿನಕಾಯಿ, ಉಪ್ಪು, ಅರಸಿನ, ಇದ್ದಿಲು ಕೊಡುತ್ತಾರೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ಕೆತ್ತೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡಿ ಕುಡಿಯುವ ರೂಢಿಯೂ ಇದೇ ತಿಂಗಳದ್ದು. ಮದ್ದು ಮತ್ತು ಕುಣಿತಗಳನ್ನು ಒಂದೇ ಪಕ್ಕದಲ್ಲಿರಿಸಿದ ಪಂಚಾಂಗವಿದು. ಕಳೆಂಜನ ಕುಣಿತದಿಂದ ಜ್ವರ ಇಳಿಯಿತೆಂದು ನಾನು ಹೇಳುತ್ತಿಲ್ಲ. ಒಂಟಿ ಮನೆಯೊಳಗೆ ಕುಳಿತ ಹೆದರಿಕೆಗೆ ಒಂದು ಹೆಸರು ಸಿಕ್ಕಿತು, ಅದನ್ನು ಅಂಗಳಕ್ಕೆ ಕರೆದು ಕಳಿಸಿಕೊಡುವ ಕ್ರಮವೊಂದು ದೊರೆಯಿತು. ನೆರೆಮನೆಯಲ್ಲೂ ಇದೇ ಕುಣಿತ ನಡೆದಿದೆ ಎಂಬ ಅರಿವು ಅದರ ಜೊತೆಗೇ ಬಂತು. ನೆಮ್ಮದಿಯ ಮಟ್ಟಿಗೆ ಇವು ಸಣ್ಣ ಸಂಗತಿಗಳಲ್ಲ.

ಚಿಕ್ಕಮೇಳದ್ದೂ ಇದೇ ದಾರಿ. ಮಳೆಗಾಲದಲ್ಲಿ ಕೆಲಸವಿಲ್ಲದ ಯಕ್ಷಗಾನ ಕಲಾವಿದರು ಸಣ್ಣ ತಂಡ ಕಟ್ಟಿಕೊಂಡು ಸಂಜೆಯ ಮೇಲೆ ಮನೆಮನೆಗೆ ಹೋಗುತ್ತಾರೆ. ಚಾವಡಿಯಲ್ಲಿ ದೀಪ ಹಚ್ಚಿಟ್ಟು ಅಕ್ಕಿ, ಕಾಯಿ, ವೀಳ್ಯ ಇರಿಸಿದರೆ, ಒಂದು ಸ್ತ್ರೀವೇಷ, ಒಂದು ಪುರುಷವೇಷ, ಭಾಗವತರು, ಹಿಮ್ಮೇಳ. ಹತ್ತು ಹದಿನೈದು ನಿಮಿಷದ ಆಟ. ಮಕ್ಕಳೆಲ್ಲ ಬೆಂಗಳೂರಲ್ಲೋ ವಿದೇಶದಲ್ಲೋ ಇದ್ದು, ವಯಸ್ಸಾದ ಗಂಡಹೆಂಡಿರಷ್ಟೇ ಉಳಿದ ತೋಟದ ಮನೆಗಳಲ್ಲಿ ಈ ಹದಿನೈದು ನಿಮಿಷಕ್ಕೆ ಬೇರೆಯದೇ ತೂಕವಿದೆ. ಜಗಲಿ ಗುಡಿಸುವುದು, ದೀಪಕ್ಕೆ ಬತ್ತಿ ಹೊಸೆಯುವುದು, ಬಂದವರನ್ನು ಎದುರುಗೊಳ್ಳುವುದು, ಇವೆಲ್ಲ ಮನೆಯವರ ಪಾಲಿನ ಕೆಲಸ. ನೋಡುವವರಾಗಿ ಮಾತ್ರ ಅವರು ಉಳಿಯುವುದಿಲ್ಲ.

ಈ ಪಾಲುಗಾರಿಕೆ ಅತ್ಯಂತ ಗಾಢವಾಗುವುದು ತಾಳಮದ್ದಳೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳ ಬೇಡ. ಚಾಪೆ ಹಾಸಿದ ಚಾವಡಿ ಸಾಕು. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿ ಅದರ ಮೇಲೆ ಆಗಿಂದಾಗಲೇ ಮಾತು ಕಟ್ಟುತ್ತಾನೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಎದುರಾಳಿ ಯಾವ ಪ್ರಶ್ನೆ ಎಸೆಯುತ್ತಾನೆಂದು ಮೊದಲೇ ಗೊತ್ತಾಗುವುದಿಲ್ಲ. ಹಗಲು ಅಡಿಕೆಗೆ ಮದ್ದು ಬಿಡಿಸಿದವರು, ಶಾಲೆಯಲ್ಲಿ ಪಾಠ ಹೇಳಿದವರು ರಾತ್ರಿ ಕರ್ಣನೂ ವಾಲಿಯೂ ಆಗಿ, ತಪ್ಪು ಯಾರದು, ಋಣ ಯಾರಿಗೆ ಎಂದು ವಾದಿಸುತ್ತಾರೆ. ಸುಳ್ಯದ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು ಈ ಪರಂಪರೆಯ ದೊಡ್ಡ ಹೆಸರು. ಕೃಷಿಕರಾಗಿದ್ದು, ಅರ್ಥಧಾರಿಯಾಗಿ ನಾಡಿಗೆಲ್ಲ ಪರಿಚಿತರಾಗಿ, ‘ಕುರುಕ್ಷೇತ್ರಕ್ಕೊಂದು ಆಯೋಗ’ದಂಥ ಕೃತಿ ಬರೆದವರು. ಯುದ್ಧದ ಹೊಣೆಯನ್ನು ಪಾತ್ರಗಳ ಬಾಯಿಂದಲೇ ವಿಚಾರಣೆಗೆ ಒಡ್ಡುವ ಬುದ್ಧಿ ಚಾವಡಿಯ ವಾದದಲ್ಲಿ ಪಳಗಿದ್ದು ಎಂದು ನಾನು ಭಾವಿಸುತ್ತೇನೆ. ಮುಪ್ಪಿನಲ್ಲಿ ನೆನಪು, ತರ್ಕ, ಮಾತು ಚುರುಕಾಗಿರಲು ಏನು ಬೇಕೆಂದು ಇಂದು ಕೇಳುವವರು ತಾಳಮದ್ದಳೆಯನ್ನು ಗಂಭೀರವಾಗಿ ಅಭ್ಯಸಿಸಬೇಕು. ಮುಖ್ಯವಾದ ಇನ್ನೊಂದು ಮಾತಿದೆ: ಸ್ವಂತ ದುಃಖವನ್ನು ಹೇಳಿಕೊಳ್ಳಲು ಹಿಂಜರಿಯುವ ಗಂಡಸರಿಗೆ ಕರ್ಣನ ಬಾಯಿ ಸಿಗುತ್ತದೆ.

ಪುತ್ತೂರಿನಲ್ಲಿ ಇದನ್ನೆಲ್ಲ ಕಣ್ಣಿಟ್ಟು ನೋಡಿದವರು ಶಿವರಾಮ ಕಾರಂತರು. ಪರ್ಲಡ್ಕದ ಬಾಲವನದಲ್ಲಿ ಅವರು 1930ರ ದಶಕದಲ್ಲಿ ಮಕ್ಕಳಿಗೆ ಆಟ, ಕುಣಿತ, ನಾಟಕಗಳ ಮೂಲಕ ಕಲಿಸುವ ಪ್ರಯೋಗಕ್ಕೆ ಇಳಿದರು. ಕಲೆಯನ್ನು ಮ್ಯೂಸಿಯಮ್ಮಿಗೆ ಸೇರಿಸಿ ದಿನದ ಅನುಭವದಿಂದ ಬೇರೆ ಮಾಡಿದ್ದರ ವಿರುದ್ಧ ಜಾನ್ ಡ್ಯೂಯಿ ‘ಆರ್ಟ್ ಆ್ಯಸ್ ಎಕ್ಸ್‌ಪೀರಿಯೆನ್ಸ್’ ಬರೆದದ್ದೂ 1934ರಲ್ಲಿ. ಕಾಲದ ಈ ಹೊಂದಿಕೆ ಗಮನ ಸೆಳೆಯುತ್ತದೆ, ಅದರ ಮೇಲೆ ಹೆಚ್ಚು ಕಟ್ಟಬೇಕಿಲ್ಲ. ಯಕ್ಷಗಾನವನ್ನು ಕುರಿತ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಆದರೆ ಈ ಲೇಖನದ ವಾದಕ್ಕೆ ಬಲವಾದ ಆಕ್ಷೇಪವೂ ಕಾರಂತರಿಂದಲೇ ಬರುತ್ತದೆ. 1933ರ ‘ಚೋಮನ ದುಡಿ’ಯ ಚೋಮನಷ್ಟು ಕಲೆಯೊಡನೆ ಬದುಕಿದವರು ಯಾರು? ಸಿಟ್ಟು ಬಂದರೂ, ಸೋತರೂ, ಮಕ್ಕಳನ್ನು ಕಳೆದುಕೊಂಡರೂ ಅವನ ಕೈ ದುಡಿಗೆ ಹೋಗುತ್ತದೆ. ದುಡಿ ಅವನನ್ನು ಆ ಗಳಿಗೆಗೆ ಎತ್ತಿ ಹಿಡಿಯುತ್ತದೆ. ಸಾಲ ತೀರಿಸುವುದಿಲ್ಲ, ಬೇಸಾಯಕ್ಕೊಂದು ತುಂಡು ಭೂಮಿ ಕೊಡಿಸುವುದಿಲ್ಲ. ಮನೆಬಾಗಿಲಿಗೆ ಬಂದ ಕಲೆ ಮನೆಯವರಿಗೆ ಹಿತ ತಂದಿತೆಂದು ಬರೆಯುವಾಗ, ಜಡಿಮಳೆಯಲ್ಲಿ ನಡೆದು ಅದನ್ನು ತಂದವರ ಹಿತವನ್ನೂ ಕೇಳಲೇಬೇಕು. ಕಳೆಂಜನ ಕುಣಿತಕ್ಕೆ ಅಂಗಳವೇ ಗಡಿಯಾಗಿತ್ತು, ಜಗಲಿ ಹತ್ತುವ ಹಕ್ಕು ಕುಣಿದವರಿಗೆ ಇರಲಿಲ್ಲ. ಇಂದು ವೇದಿಕೆಗಳಲ್ಲಿ ‘ಆಟಿದ ಕೂಟ’ಗಳು ನಡೆಯುತ್ತವೆ, ಯಾರು ಬೇಕಾದರೂ ಕಳೆಂಜನ ವೇಷ ಹಾಕುತ್ತಾರೆ. ಆ ಕಲೆಯನ್ನು ತಲೆಮಾರುಗಳಿಂದ ಹೊತ್ತ ಸಮುದಾಯಕ್ಕೆ ಇದರಿಂದ ದಕ್ಕಿದ್ದೇನು ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಗದ್ದೆಗಳ ಸಂಗತಿ ಇನ್ನೂ ನೇರ. ಭತ್ತ ಹೋಗಿ ಅಡಿಕೆ, ರಬ್ಬರು ಬಂದಲ್ಲೆಲ್ಲ ನೇಜಿ ನೆಡುವಾಗ ಹೆಂಗಸರು ಹೇಳುತ್ತಿದ್ದ ಓಬೇಲೆ, ಪಾಡ್ದನಗಳಿಗೆ ಕೆಲಸವೇ ಇಲ್ಲವಾಯಿತು. ಸಾಲಾಗಿ ಬಗ್ಗಿ, ಒಬ್ಬಳು ಹೇಳಿದ್ದನ್ನು ಹತ್ತು ಮಂದಿ ಎತ್ತಿಕೊಳ್ಳುವ ಆ ಹಾಡು ಬೆನ್ನುನೋವನ್ನು ಹಂಚಿಕೊಳ್ಳುವ ಉಪಾಯವಾಗಿತ್ತು. ರಬ್ಬರು ಹಾಲು ಇಳಿಸುವ ಕೆಲಸ ಮುಂಜಾನೆ ಒಬ್ಬೊಬ್ಬರೇ ಮಾಡುವಂಥದ್ದು. ಆ ಹಾಡಿನ ಜಾಗಕ್ಕೆ ಅಲ್ಲಿ ಏನೂ ಬಂದಿಲ್ಲ.

ಈ ಮೂರು ತಾಲೂಕುಗಳಲ್ಲಿ ಕಲೆ ಮತ್ತು ಕ್ಷೇಮದ ಕುರಿತು ವ್ಯವಸ್ಥಿತ ಕ್ಷೇತ್ರಕಾರ್ಯ ನಡೆಯುವುದಾದರೆ ಪ್ರಶ್ನೆಪಟ್ಟಿ ಇಲ್ಲಿನ ಪಂಚಾಂಗವನ್ನು ಅನುಸರಿಸಲಿ: ಪತ್ತನಾಜೆಗೆ ಮೊದಲೊಮ್ಮೆ, ಆಟಿಯಲ್ಲೊಮ್ಮೆ, ದೀಪಾವಳಿಯ ಬಳಿಕ ಇನ್ನೊಮ್ಮೆ ಅದೇ ಮನೆಗಳಿಗೆ ಹೋಗಿ ನಿದ್ದೆ, ಒಂಟಿತನ, ನೆರೆಯವರ ಒಡನಾಟಗಳ ಬಗ್ಗೆ ಕೇಳಬೇಕು. ಅದು ಕನ್ನಡದಲ್ಲಿ ಮಾತ್ರ ಇದ್ದರೆ ಸಾಲದು. ತುಳು, ಅರೆಭಾಷೆ, ಬ್ಯಾರಿ, ಹವ್ಯಕ, ಮಲಯಾಳ ಮಾತಾಡುವ ಮನೆಗಳು ಇಲ್ಲಿ ಒಂದೇ ಗುಡ್ಡದ ಸುತ್ತ ಇವೆ. ಸುಗ್ಗಿಯ ಸಿದ್ಧವೇಷದ ಕುಣಿತವೂ ಬ್ಯಾರಿ ಮನೆಗಳ ದಫ್ ಹಾಡೂ ಲೆಕ್ಕಕ್ಕೆ ಸಿಗಬೇಕು. ಕುಣಿದವರ ಮನೆಯ ಅಕ್ಕಿ, ಆರೋಗ್ಯ, ಮಕ್ಕಳ ಶಾಲೆಯ ಬಗ್ಗೆಯೂ ಅದೇ ಪಟ್ಟಿಯಲ್ಲಿ, ಅದೇ ಪುಟದಲ್ಲಿ ಪ್ರಶ್ನೆಗಳಿರಬೇಕು.