ನಂದಿಯ ತಪ್ಪಲಿನ ಕೆಂಪು ವೈನ್: ಲಾ ರೆಸರ್ವ್

ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಲ್ಲಿ ಗ್ರೋವರ್ ಕುಟುಂಬ ಕಟ್ಟಿದ ವೈನರಿಯ ಹೆಸರಾಂತ ಕೆಂಪು ವೈನ್ 'ಲಾ ರೆಸರ್ವ್'. ಕ್ಯಾಬರ್ನೆ ಸೊವಿನ್ಯೋಂ ಮತ್ತು ಶಿರಾಜ್ ಎಂಬ ಎರಡು ಕಪ್ಪು ದ್ರಾಕ್ಷಿಗಳ ಬೆರಕೆ ಇದು. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ವೈನ್ ಎಂದರೆ ಬಾರಿನ ಸರಕು ಎಂದಷ್ಟೇ ತಿಳಿದವರು ಬಹಳ. ಆದರೆ ವೈನನ್ನು ಬೆಳೆಯ ಕಡೆಯಿಂದ ನೋಡಬೇಕು. ಇದರ ಗುಣ ಮುಕ್ಕಾಲು ಪಾಲು ತೋಟದಲ್ಲೇ ತೀರ್ಮಾನವಾಗುತ್ತದೆ.

ಕುಟುಂಬ

ಕನ್ವಲ್ ಗ್ರೋವರ್ ಉದ್ಯಮಿ. ವ್ಯವಹಾರಕ್ಕೆಂದು ಫ್ರಾನ್ಸ್‌ಗೆ ಹೋಗಿಬರುತ್ತಿದ್ದವರು ಅಲ್ಲಿನ ವೈನ್‌ಗೆ ಮನಸೋತು, ನಮ್ಮ ನೆಲದಲ್ಲೇ ಅದನ್ನು ಮಾಡಲು ಹೊರಟರು. ಶಾಂಪೇನ್ ಪ್ರಾಂತ್ಯದ ತಜ್ಞ ಜಾರ್ಜ್ ವೆಸೆಲ್ ಜೊತೆ ಸೇರಿ, ಫ್ರೆಂಚ್ ತಳಿಗಳನ್ನು ಇಲ್ಲಿ ನೆಟ್ಟು ವರ್ಷಗಟ್ಟಲೆ ಪರೀಕ್ಷಿಸಿದರು. 1988ರಲ್ಲಿ ಸಂಸ್ಥೆ ಹುಟ್ಟಿತು. ಮೊದಲ ವೈನ್ ಬಂದದ್ದು 1992ರಲ್ಲಿ. ಆ ದಶಕದಲ್ಲೇ ಬೋರ್ಡೋದ ಹೆಸರಾಂತ ಸಲಹೆಗಾರ ಮಿಶೆಲ್ ರೋಲಾಂ ಜೊತೆಗೂಡಿದರು. 2005ರಲ್ಲಿ ಲಂಡನ್ನಿನ 'ಡಿಕ್ಯಾಂಟರ್' ಪತ್ರಿಕೆ ಲಾ ರೆಸರ್ವ್ ಅನ್ನು 'ಹೊಸ ಜಗತ್ತಿನ', ಅಂದರೆ ಯುರೋಪಿನ ಹೊರಗಿನ, ಅತ್ಯುತ್ತಮ ಕೆಂಪು ವೈನ್ ಎಂದು ಹೊಗಳಿತು. ಕನ್ವಲ್ ಅವರ ನಂತರ ಮಗ ಕಪಿಲ್, ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಕಲಿತು ಬಂದ ಮೊಮ್ಮಗಳು ಕರಿಷ್ಮಾ ಈ ಕೆಲಸದಲ್ಲಿ ತೊಡಗಿದರು. 2012ರಲ್ಲಿ ನಾಸಿಕ್‌ನ ವೈನರಿಯೊಂದರ ಜೊತೆ ವಿಲೀನವಾಗಿ ಸಂಸ್ಥೆಯ ಹೆಸರು 'ಗ್ರೋವರ್ ಜಂಪಾ' ಆಯಿತು.

ನೆಲ, ಹವೆ

ಮದ್ದೂರಿನ ಬಳಿಯ ವೈದ್ಯನಾಥಪುರದಲ್ಲಿ ಶಿಂಷಾ ನದಿ ದಂಡೆಯ ಗದ್ದೆಗಳಿಗೆ ಇಳಿದರೆ ನೀರೇ ಐಶ್ವರ್ಯ. ಭತ್ತಕ್ಕೂ ಕಬ್ಬಿಗೂ ಅದು ಬೇಕು. ವೈನ್ ದ್ರಾಕ್ಷಿಗೆ ಅದೇ ಕೇಡು: ನೀರು ಹೆಚ್ಚಾದರೆ ಬಳ್ಳಿ ಎಲೆ ಬಿಡುತ್ತದೆ, ಹಣ್ಣು ಉಬ್ಬುತ್ತದೆ, ರಸ ತೆಳುವಾಗುತ್ತದೆ. ನಂದಿಯ ತಪ್ಪಲು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕೆಂಪು ಮಣ್ಣು, ನೀರು ನಿಲ್ಲದ ಇಳಿಜಾರು. ಹಗಲು ಬಿಸಿಲು ಸಕ್ಕರೆ ಕೂಡಿಸಿದರೆ, ಇರುಳಿನ ತಂಪು ಹಣ್ಣಿನ ಹುಳಿಯನ್ನು ಉಳಿಸುತ್ತದೆ. ಈ ಹುಳಿ ಇಲ್ಲದಿದ್ದರೆ ವೈನ್ ಸಪ್ಪೆ.

ಈ ಸೀಮೆಗೆ ದ್ರಾಕ್ಷಿ ಹೊಸದೇನಲ್ಲ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ರೈತರು 'ಬೆಂಗಳೂರು ಬ್ಲೂ' ಬೆಳೆಯುತ್ತಾ ಒಂದು ಶತಮಾನಕ್ಕೂ ಮೇಲಾಯಿತು. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆದರೆ ಅದರ ಕಟುವಾದ ಕಂಪು ಜ್ಯೂಸಿಗೆ, ಸಿಹಿ ಪೋರ್ಟ್ ವೈನಿಗೆ ಹೊಂದುತ್ತದೆಯೇ ಹೊರತು ಒಣ ಕೆಂಪು ವೈನಿಗಲ್ಲ.

ನಿದ್ದೆ ಮಾಡದ ಬಳ್ಳಿ

ಯುರೋಪಿನಲ್ಲಿ ಚಳಿಗಾಲ ಬಂದರೆ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಆಗ ಒಮ್ಮೆ ಕತ್ತರಿಸಿದರೆ ಸಾಕು. ವಸಂತಕ್ಕೆ ಚಿಗುರಿ ಸೆಪ್ಟೆಂಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ನಮ್ಮಲ್ಲಿ ಆ ಚಳಿಯೇ ಇಲ್ಲ, ಬಳ್ಳಿ ವರ್ಷವಿಡೀ ಎಚ್ಚರ. ಹಾಗಾಗಿ ಎರಡು ಸಲ ಸವರಬೇಕು. ವಿಜಯಪುರದ ರೈತರು ಇದನ್ನು ಚಾಟನಿ ಎನ್ನುತ್ತಾರೆ.

ಮೊದಲನೆಯದು ಕೊಯ್ಲು ಮುಗಿದ ಮೇಲೆ, ಏಪ್ರಿಲ್ ಹೊತ್ತಿಗೆ. ರೆಂಬೆಗಳನ್ನು ಬುಡದ ಕಣ್ಣಿನ ತನಕ ಮೊಟಕುಗೊಳಿಸುತ್ತಾರೆ. ಹೊಸ ಕಡ್ಡಿ ಬೆಳೆದು ಬಲಿಯುವಾಗಲೇ ಅದರ ಕಣ್ಣುಗಳೊಳಗೆ ಮುಂದಿನ ಗೊಂಚಲು ರೂಪುಗೊಳ್ಳುತ್ತದೆ. ಎರಡನೆಯದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಕಡ್ಡಿಯಲ್ಲಿ ಕೆಲವು ಕಣ್ಣು ಬಿಟ್ಟು ಮೇಲಿನದನ್ನು ಕತ್ತರಿಸುತ್ತಾರೆ. ಕಣ್ಣುಗಳೆಲ್ಲ ಒಟ್ಟಿಗೆ ಒಡೆಯಲೆಂದು ಒಂದೊಂದಕ್ಕೂ ಔಷಧದಲ್ಲಿ ಅದ್ದಿದ ಬಟ್ಟೆಯುಂಡೆ ಒತ್ತುವ ರೂಢಿ ದ್ರಾಕ್ಷಿ ಸೀಮೆಯಲ್ಲಿದೆ. ಸಾಲು ಸಾಲಾಗಿ ಕೈಯಿಂದಲೇ ಆಗಬೇಕಾದ ಕೆಲಸ ಇದು. ಈ ಹೊತ್ತಿಗೆ ಹಿಂಗಾರು ಜೋರಾದರೆ ಎಳೆ ಗೊಂಚಲಿಗೆ ಬೂಜು ತುಪ್ಪಟ ರೋಗ ಹತ್ತುತ್ತದೆ. ವರ್ಷದ ಬೆಳೆ ಕೈಬಿಡುವುದು ಇಲ್ಲೇ. ದಾಟಿದರೆ ಒಣ ಹವೆಯಲ್ಲಿ ಹಣ್ಣು ಮಾಗಿ, ಫೆಬ್ರವರಿಯಿಂದ ಕೊಯ್ಲು.

ಯಾವಾಗ ಕೊಯ್ಯಬೇಕು? ಕಬ್ಬಿನ ರಸದ ಬ್ರಿಕ್ಸ್, ಅಂದರೆ ಸಕ್ಕರೆಯ ಅಳತೆ, ನೋಡುವುದು ಮಂಡ್ಯದವರಿಗೆ ಗೊತ್ತು. ಇಲ್ಲಿಯೂ ಅದೇ ಅಳತೆ. ಕೆಂಪು ವೈನಿನ ದ್ರಾಕ್ಷಿ ಸಾಮಾನ್ಯವಾಗಿ 22ರಿಂದ 24 ಬ್ರಿಕ್ಸ್ ಮುಟ್ಟಬೇಕು. ಆ ಸಕ್ಕರೆಯೇ ಮುಂದೆ ಶೇ 13ರ ಆಸುಪಾಸಿನ ಮದ್ಯಾಂಶವಾಗುವುದು.

ಬಣ್ಣ, ಒಗರು

ಕಪ್ಪು ದ್ರಾಕ್ಷಿ ಹಿಂಡಿದರೂ ರಸ ಬಹುಪಾಲು ಬಣ್ಣವಿಲ್ಲದ್ದೇ. ಬಣ್ಣ ಇರುವುದು ಸಿಪ್ಪೆಯಲ್ಲಿ. ಅದಕ್ಕೇ ಸಿಪ್ಪೆ, ಬೀಜ ಸಮೇತ ಹುದುಗಿಸುತ್ತಾರೆ. ಹುದುಗುವಾಗ ಸಿಪ್ಪೆ ಮೇಲೆ ತೇಲಿ ಗಟ್ಟಿ ಪದರವಾಗುತ್ತದೆ. ದಿನಕ್ಕೆ ಕೆಲವು ಬಾರಿ ಅದನ್ನು ರಸದೊಳಗೆ ಮುಳುಗಿಸಬೇಕು. ಬಣ್ಣದ ಜೊತೆ ಟ್ಯಾನಿನ್ ಎಂಬ ಒಗರೂ ಇಳಿಯುತ್ತದೆ. ಕ್ಯಾಬರ್ನೆ ಆ ಬಿಗಿ ಕೊಟ್ಟರೆ ಶಿರಾಜ್ ಮೆಣಸಿನ ಘಾಟು, ಮಾಗಿದ ಹಣ್ಣಿನ ತುಂಬುತನ ಕೊಡುತ್ತದೆ. ನಂತರ ಫ್ರೆಂಚ್ ಓಕ್ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಟ್ಟು ಹದ ಮಾಡುತ್ತಾರೆ.

ಮಂಡ್ಯದ ಕಡೆಗೆ

ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಾರಸ ನೀತಿ ತಂದ ಮೇಲೆ ವೈನರಿಗಳು ಹೆಚ್ಚಿದವು. ಮದ್ದೂರಿಗೆ ಹತ್ತಿರದ್ದು ಚನ್ನಪಟ್ಟಣದ ಹೆರಿಟೇಜ್ ವೈನರಿ. ಅಲ್ಲಿ ಜನ ಹೋಗಿ ನೋಡಬಹುದು. ರೈತರು ವೈನ್ ಹೇಗಾಗುತ್ತದೆಂದು ಕಣ್ಣಾರೆ ನೋಡಲು ಇಂಥ ಜಾಗಗಳು ಬೇಕು ಎಂಬುದು ನನ್ನ ಬಲವಾದ ಅನಿಸಿಕೆ.

ಲಾ ರೆಸರ್ವ್‌ಗೆ ಕೊಬ್ಬಿನಂಶವಿರುವ ಮಾಂಸ ಒಳ್ಳೆಯ ಜೋಡಿ: ಕೊಬ್ಬು ಒಗರನ್ನು ತಗ್ಗಿಸುತ್ತದೆ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಕುರಿ ಇದಕ್ಕೆ ಹೇಳಿ ಮಾಡಿಸಿದ್ದು. ಸಾರಿಗಿಂತ ಖಾರ ಕಡಿಮೆ ಹಾಕಿದ ಹುರುಕಲು ಮೇಲು, ಖಾರ ಏರಿದಷ್ಟೂ ಮದ್ಯದ ಉರಿ ಎದ್ದು ಕಾಣುತ್ತದೆ. ಏಪ್ರಿಲ್ ಸೆಖೆಯಲ್ಲಿ ಬಾಟಲಿಯನ್ನು ಹೊರಗಿಟ್ಟು ಹಾಗೇ ಸುರಿಯಬಾರದು. 16ರಿಂದ 18 ಡಿಗ್ರಿಗೆ ತಂಪಾಗಲು ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯಬೇಕು. ತೆರೆದ ಬಾಟಲಿಯನ್ನು ಎರಡು ಮೂರು ದಿನದೊಳಗೆ ಮುಗಿಸಬೇಕು.