ಆಂಟ್‌ವರ್ಪ್ ಓಟದಲ್ಲಿ ಬೆಳಗಾವಿಯ ಹತ್ತೊಂಬತ್ತನೆಯ ಸ್ಥಾನ

ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಅವರ ಹೆಸರು ಬಂದಾಗಲೆಲ್ಲ ಕಥೆ ಒಂದೇ ಜಾಡು ಹಿಡಿಯುತ್ತದೆ. ಹೊಲದಲ್ಲಿ ಬೆಳೆದ ಹುಡುಗ, ಬರಿಗಾಲಿನ ಓಟ, ಮೆಚ್ಚಿಕೊಂಡ ಟಾಟಾ ಸಾಹುಕಾರರು, ಆಮೇಲೆ ಬೆಲ್ಜಿಯಂನ ಆಂಟ್‌ವರ್ಪಿನಲ್ಲಿ 1920ರ ಒಲಿಂಪಿಕ್ಸ್. ಕೇಳಲು ಚೆನ್ನಾಗಿರುವ ಈ ಕಥೆಯಲ್ಲಿ ನಡುವಿನ ಕೊಂಡಿಯೇ ಬಿಟ್ಟುಹೋಗುತ್ತದೆ. ಹಳ್ಳಿಗರ ಕಾಲಿನ ಕಸುವಿಗೆ ನಮ್ಮಲ್ಲಿ ಯಾವತ್ತೂ ಬರಗಾಲ ಇರಲಿಲ್ಲ. ಬೆಳಗಾವಿ ಜಿಲ್ಲೆಯ ಘಟಪ್ರಭಾ ಸೀಮೆಯ ತುಕ್ಕಾನಟ್ಟಿಯಲ್ಲಾಗಲಿ ಹುಕ್ಕೇರಿಯ ಕಡೆಯಲ್ಲಾಗಲಿ ನಡಿಗೆಯೇ ಬದುಕಾಗಿದ್ದ ಕಾಲವದು. ಆ ಕಸುವನ್ನು ಅಳೆಯುವ ಸ್ಪರ್ಧೆ ಎಲ್ಲಿತ್ತು ಎಂಬುದೇ ಕೇಳಬೇಕಾದ ಪ್ರಶ್ನೆ. ಕುಸ್ತಿಗೆ ಗರಡಿಮನೆಯಿತ್ತು, ಜಾತ್ರೆಯ ಕಣವಿತ್ತು, ಗೆದ್ದವನ ಹೆಸರು ಊರೂರು ತಿರುಗುತ್ತಿತ್ತು. ದೂರದ ಓಟಕ್ಕೆ ಅಂಥ ಕಣ ಸಿಕ್ಕಿದ್ದು ಪುಣೆಯಲ್ಲಿ.

ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಪುಣೆಗೆ ನೇರ ರೈಲುದಾರಿಯಿತ್ತು. ಪುಣೆಯ ಡೆಕ್ಕನ್ ಜಿಮ್ಖಾನಾ 1906ರಲ್ಲಿ ಹುಟ್ಟಿದ ಸಂಸ್ಥೆ. ಅದರ ಕ್ರೀಡಾಕೂಟಕ್ಕೆ ಅಧ್ಯಕ್ಷರಾಗಿ ಬಂದ ಉದ್ಯಮಿ ದೊರಾಬ್ಜಿ ಟಾಟಾ ಅವರು, ಸುಮಾರು 25 ಮೈಲಿಯ ರಸ್ತೆ ಓಟದಲ್ಲಿ ರೈತಾಪಿ ಯುವಕರು ಬರಿಗಾಲಲ್ಲಿ ಓಡುವುದನ್ನು ಕಂಡರು. ಸರಿಯಾದ ತರಬೇತಿ ಇರಲಿಲ್ಲ, ಓಟಗಾರನಿಗೆ ತಕ್ಕ ಊಟವೂ ಇರಲಿಲ್ಲ. ಆದರೂ ಅವರ ಸಮಯಗಳು ಯುರೋಪಿನ ಓಟಗಾರರಿಗೆ ತೀರ ಹಿಂದಿಲ್ಲ ಎಂದು ದೊರಾಬ್ಜಿಯವರಿಗೆ ತೋರಿತು. ಗಮನಿಸಬೇಕಾದ್ದು ಇದನ್ನೇ. ದೂರ ಗೊತ್ತಿಲ್ಲದೆ, ಕೈಯಲ್ಲಿ ಗಡಿಯಾರವಿಲ್ಲದೆ ಈ ಹೋಲಿಕೆ ಸಾಧ್ಯವಿರಲಿಲ್ಲ. ದಾನಿಯ ಕಣ್ಣಿಗೆ ಓಟಗಾರ ಬೀಳುವ ಮೊದಲೇ ಅವನನ್ನು ಆರಿಸಿ ನಿಲ್ಲಿಸುವ ವ್ಯವಸ್ಥೆಯೊಂದು ಸಿದ್ಧವಾಗಿತ್ತು.

ಹಾಗೆಂದು ಹಣದ ಪಾತ್ರವನ್ನು ಅಲ್ಲಗಳೆಯಲಾಗದು. ಆ ಕಾಲದ ಒಲಿಂಪಿಕ್ಸ್ ಹವ್ಯಾಸಿಗಳಿಗೆ, ಅಂದರೆ ಆಟದಿಂದ ಹಣ ಗಳಿಸದವರಿಗೆ ಮಾತ್ರ ಮೀಸಲು. ಈ ಹವ್ಯಾಸಿ ನಿಯಮವನ್ನು ಕಟ್ಟಿದವರು ಉಳ್ಳವರು. 1866ರಲ್ಲಿ ಇಂಗ್ಲೆಂಡಿನ ಕ್ಲಬ್ಬೊಂದು ಕುಶಲಕರ್ಮಿಗಳನ್ನೂ ಕೂಲಿಕಾರರನ್ನೂ ಹವ್ಯಾಸಿಗಳ ಸಾಲಿನಿಂದಲೇ ಹೊರಗಿಟ್ಟಿತ್ತು. ಆ ಅಡ್ಡಗೋಡೆ ಬಿದ್ದದ್ದು 1880ರಲ್ಲಿ. ಆದರೆ ಹಣದ ನಿಷೇಧ ಉಳಿಯಿತು: ಸಣ್ಣ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರೆಂದು ಅಮೆರಿಕದ ಜಿಮ್ ಥಾರ್ಪ್ ಅವರ ಒಲಿಂಪಿಕ್ ಪದಕಗಳನ್ನು 1913ರಲ್ಲಿ ಕಿತ್ತುಕೊಂಡರು. ಓಟದಿಂದ ಕಾಸು ಗಳಿಸಕೂಡದು, ತಿಂಗಳುಗಟ್ಟಲೆ ಹೊಲ ಬಿಟ್ಟಿರಲೂಬೇಕು ಎಂದರೆ ರೈತನಿಗೆ ಅದು ಎಲ್ಲಿಯ ನ್ಯಾಯ? ದೊರಾಬ್ಜಿಯವರ ಕೈಯ ಹಣ ಮತ್ತು ಸರ್ಕಾರದ ನೆರವು ಸೇರಿದ್ದರಿಂದ ಚೌಗುಲೆ ಅವರಿದ್ದ ಭಾರತದ ತಂಡ ಹಡಗು ಹತ್ತುವುದಾಯಿತು. ತಂಡದ ಕ್ರೀಡಾಪಟುಗಳು ಕೆಲವು ವಾರ ಲಂಡನ್ನಿನಲ್ಲಿದ್ದು ಅಭ್ಯಾಸ ಮಾಡಿ ಬೆಲ್ಜಿಯಂಗೆ ಹೋದರು. ಹೊಸ ಹವೆ, ಹೊಸ ಅನ್ನ, ಹೊಸ ರಸ್ತೆಗೆ ಮೈಯನ್ನು ಒಗ್ಗಿಸಿಕೊಳ್ಳಲು ಸಿಕ್ಕ ಕಾಲ ಅಷ್ಟೇ.

1920ರ ಆಗಸ್ಟ್ 22ರಂದು ನಡೆದ ಆಂಟ್‌ವರ್ಪ್ ಮ್ಯಾರಥಾನಿನ ದೂರ 42.75 ಕಿಲೋಮೀಟರ್, ಅಂದರೆ ಇಂದಿನ 42.195ಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35 ಸೆಕೆಂಡಿನಲ್ಲಿ ಗೆದ್ದರು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿಗೆ ಗುರಿ ಮುಟ್ಟಿ 19ನೆಯವರಾದರು. ಅದೇ ಓಟದಲ್ಲಿದ್ದ ಭಾರತದ ಸದಾಶಿವ ದಾತಾರ್ ಅವರು ನಡುವೆಯೇ ನಿಲ್ಲಿಸಬೇಕಾಯಿತು.

ಹದಿನೆಂಟು ನಿಮಿಷ ಹಿಂದೆ ಬಿದ್ದವನಿಗೆ ಇಷ್ಟೇಕೆ ಹೊಗಳಿಕೆ ಎನ್ನುವವರಿದ್ದಾರೆ. ಚೌಗುಲೆ ಅವರ ವೇಗ ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕೂ ತುಸು ಕಡಿಮೆ. ಅದೇ ವೇಗದಲ್ಲಿ ಇಂದಿನ ದೂರ ಓಡಿದ್ದರೆ 2 ಗಂಟೆ 49 ನಿಮಿಷದೊಳಗೆ ಮುಗಿಯುತ್ತಿತ್ತು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತದ ಮಹಾದೇವ ಸಿಂಗ್ 29ನೆಯವರಾದಾಗ ಹಿಡಿದ ಹೊತ್ತು ಮೂರೂವರೆ ಗಂಟೆಗೂ ಹೆಚ್ಚು. 1952ರ ಹೆಲ್ಸಿಂಕಿಯಲ್ಲಿ, ಅಂದರೆ 32 ವರ್ಷಗಳ ಮೇಲೆ, ಸ್ವತಂತ್ರ ಭಾರತದ ಸೂರತ್ ಸಿಂಗ್ ಮಾಥುರ್ ಅವರು 2 ಗಂಟೆ 58 ನಿಮಿಷ ತೆಗೆದುಕೊಂಡರು. ಸ್ಥಾನದ ಲೆಕ್ಕದಲ್ಲಿ ಚೌಗುಲೆ ಅವರನ್ನು ಮೀರಿಸಲು 1976ರ ಮಾಂಟ್ರಿಯಲ್‌ನಲ್ಲಿ 11ನೆಯವರಾದ ಶಿವನಾಥ್ ಸಿಂಗ್ ಬರಬೇಕಾಯಿತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಪುಣೆಯ ಸ್ಪರ್ಧೆ ಅಷ್ಟು ಮುಖ್ಯವಾಗಿದ್ದರೆ ಆಂಟ್‌ವರ್ಪಿನ ಬಳಿಕ ಓಟಗಾರರ ಸಾಲೇ ಹೊರಡಬೇಕಿತ್ತಲ್ಲ? ನಿಜ, ಹೊರಡಲಿಲ್ಲ. ಒಂದೇ ಊರಿನ ಒಂದು ಕೂಟ ಒಬ್ಬನನ್ನು ಆರಿಸಬಲ್ಲದು. ಪರಂಪರೆ ಬೆಳೆಯಬೇಕಾದರೆ ಓಟಗಾರನ ಸ್ವಂತ ಸೀಮೆಯಲ್ಲೇ ಕಣ ಬೇಕು. 1928ರಿಂದ ಹಾಕಿ ಚಿನ್ನ ತರತೊಡಗಿತು, ದೇಶದ ಗಮನ ಅತ್ತ ಹರಿಯಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹುಡುಗರು ಇಂದಿಗೂ ಓಡುವುದನ್ನೇನೂ ಬಿಟ್ಟಿಲ್ಲ. ಆದರೆ ಅವರ ಓಟ ಸೈನ್ಯದ ಭರ್ತಿಗಾಗಿ, ಪೊಲೀಸ್ ನೌಕರಿಗಾಗಿ. ಸೈನ್ಯದ ಭರ್ತಿಗೆ ಬೇಕಾದ್ದು 1600 ಮೀಟರ್. ಹೊಟ್ಟೆಪಾಡಿನ ಆ ಓಟ ತಪ್ಪಲ್ಲ, ಆದರೆ 40 ಕಿಲೋಮೀಟರ್ ತಾಳುವ ಮೈ ಯಾರದು ಎಂಬುದು ಅಲ್ಲಿ ಎಂದೂ ತಿಳಿಯದು. ತುಕ್ಕಾನಟ್ಟಿಯಂಥ ಊರುಗಳ ಹಿರಿಯರು, ದೈಹಿಕ ಶಿಕ್ಷಣದ ಮೇಷ್ಟ್ರುಗಳು ವರ್ಷಕ್ಕೊಮ್ಮೆಯಾದರೂ ರಸ್ತೆಯ ಮೇಲೊಂದು ದೂರದ ಓಟ ಏರ್ಪಡಿಸಿ, ದೂರವನ್ನು ಸರಿಯಾಗಿ ಅಳೆದು, ಗೆದ್ದವರದಷ್ಟೇ ಅಲ್ಲ, ಗುರಿ ಮುಟ್ಟಿದ ಎಲ್ಲರ ಸಮಯವನ್ನೂ ಬರೆದಿಡಲಿ.