ಬಿಯರ್ ತಯಾರಿಸುವ ಮನೆಯಲ್ಲಿ ಒಂದು ಮಧ್ಯಾಹ್ನ

ಈ ಶೀರ್ಷಿಕೆಯನ್ನು ಓದಿ ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸುವುದು ಖಂಡಿತ. ಪ್ರತಿ ವರ್ಷ ಗಾಂಧಿ ಜಯಂತಿಯ ಹಿಂದಿನ ದಿನ ‘ಮದ್ಯಪಾನದ ದುಷ್ಪರಿಣಾಮಗಳು’ ಎಂಬ ಪ್ರಬಂಧವನ್ನು ಬರೆಸಿ, ಒಂದು ಪುಟಕ್ಕಿಂತ ಕಡಿಮೆ ಬರೆದವರನ್ನು ನಿಲ್ಲಿಸುತ್ತಿದ್ದ ಮೇಷ್ಟರು ಇವರೇ ಅಲ್ಲವೇ ಎಂದು ಕೇಳುವಿರಿ. ಹೌದು, ಅವನೇ ನಾನು. ನನ್ನ ಅಭಿಪ್ರಾಯವೂ ಬಹುಮಟ್ಟಿಗೆ ಹಾಗೆಯೇ ಇದೆ. ಆದರೂ ಕಳೆದ ತಿಂಗಳು ಬೆಂಗಳೂರಿನ ಇಂದಿರಾನಗರದ ಕಡೆ, ಬಿಯರನ್ನು ತಯಾರಿಸಿ ಅಲ್ಲಿಯೇ ಬಡಿಸುವ ಒಂದು ಚಿಕ್ಕ ಬ್ರೂವರಿಗೆ ಹೋಗಿ ಎರಡು ಗಂಟೆ ಕಳೆದು ಬಂದೆ.

ಕರೆದವನು 1996ರ ತಂಡದ ನಮ್ಮ ಹುಡುಗ. ಅಲ್ಲಿ ಅವನೇ ಮುಖ್ಯ ತಯಾರಕ. ಹೆಸರು ಬರೆಯಬಾರದೆಂದು ಕೇಳಿಕೊಂಡಿದ್ದಾನೆ; ಮಗ ಯಾವುದೋ ಜ್ಯೂಸ್ ಫ್ಯಾಕ್ಟರಿಯಲ್ಲಿದ್ದಾನೆಂದೇ ಊರಿನಲ್ಲಿರುವ ಅವನ ತಾಯಿ ಇಂದಿಗೂ ನಂಬಿದ್ದಾರಂತೆ. “ಸಾರ್, ನೀವು ಕುಡಿಯಬೇಕಾಗಿಲ್ಲ. ನೀವು ಹೇಳಿಕೊಟ್ಟ ಪಾಠವೆಲ್ಲ ಅಲ್ಲಿ ನಡೆಯುತ್ತದೆ, ಒಮ್ಮೆ ನೋಡಿ ಸಾಕು” ಎಂದ. ಮೇಷ್ಟರ ದೌರ್ಬಲ್ಯ ಎಲ್ಲಿದೆಯೆಂಬುದು ಶಿಷ್ಯರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮೊದಲ ಹಂಡೆಯಲ್ಲಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ನುಚ್ಚು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ನೆನೆಯುತ್ತಿತ್ತು. ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದು ಇಲ್ಲಿಯೇ. ನಮ್ಮ ತಾಯಂದಿರು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಹಸುಗೂಸಿಗೆ ಸರಿ ಕಾಯಿಸುತ್ತಿದ್ದರಲ್ಲ, ಅದು ಬರಿಯ ರಾಗಿಹಿಟ್ಟಿನ ಗಂಜಿಯಂತೆ ಗಟ್ಟಿಯಾಗದೆ ತೆಳ್ಳಗಿರುವುದೂ ಈ ಕಾರಣದಿಂದಲೇ. ಈ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಕಹಿ ಹೂವನ್ನು ಹಾಕಿ ಸುಮಾರು ಒಂದು ಗಂಟೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ. ಮುಂದಿನದನ್ನು ಹತ್ತನೆಯ ತರಗತಿ ಪಾಸಾದವರಿಗೆ ಹೇಳಬೇಕಾಗಿಲ್ಲ.

ಹುಡುಗ ಆ ಹಂಡೆಯಿಂದ ಒಂದು ಲೋಟ ತೆಗೆದು, ತಣಿಸಿ, ಒಂದು ಪುಟ್ಟ ಉಪಕರಣವನ್ನು ಅದ್ದಿ ತೋರಿಸಿದ. 5.4 ಎಂದಿತ್ತು. “ಪಿಎಚ್ ಅಳತೆ ಮೊದಲು ಎಲ್ಲಿ ಹುಟ್ಟಿತು ಗೊತ್ತೇ ಸಾರ್?” ಎಂದು ಕೇಳಿದ. 36 ವರ್ಷ ಪಿಎಚ್ ಪಾಠ ಹೇಳಿದ ನಾನು ಬಾಯಿ ತೆರೆದು ನಿಂತೆ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ, ಸೋರೆನ್ಸನ್ ಎಂಬ ರಸಾಯನಶಾಸ್ತ್ರಜ್ಞನಿಂದ! ಆ ಪ್ರಯೋಗಾಲಯವನ್ನು 1875ರಲ್ಲಿ ಸ್ಥಾಪಿಸಿದವನು ಬಿಯರ್ ಕಾರ್ಖಾನೆಯ ಒಡೆಯ. ಶುದ್ಧ ಯೀಸ್ಟಿನ ಒಂದೇ ತಳಿಯನ್ನು ಬೇರ್ಪಡಿಸಿ ಬೆಳೆಸುವ ವಿಧಾನವನ್ನು 1883ರಲ್ಲಿ ಹ್ಯಾನ್ಸನ್ ಕಂಡುಕೊಂಡದ್ದೂ ಅಲ್ಲಿಯೇ. ಆ ವಿದ್ಯೆಯನ್ನು ಕಾರ್ಖಾನೆಯವರು ಬಚ್ಚಿಡದೆ ಇತರ ತಯಾರಕರಿಗೂ ಹಂಚಿದರು. ಅದಕ್ಕೂ ಮೊದಲು, 1876ರಲ್ಲಿ, ಪಾಶ್ಚರ್ ಬಿಯರಿನ ಕುರಿತು ಒಂದು ಇಡೀ ಗ್ರಂಥವನ್ನೇ ಪ್ರಕಟಿಸಿದ್ದ. ಮನೆಗೆ ಬಂದು ಪುಸ್ತಕಗಳನ್ನು ತಿರುವಿದಾಗ ಇನ್ನೊಬ್ಬರೂ ಸಿಕ್ಕರು. ಶಕ್ತಿಯ ಏಕಮಾನಕ್ಕೆ ಹೆಸರು ಕೊಟ್ಟ ಜೂಲ್ ಮಹಾಶಯರು ಇಂಗ್ಲೆಂಡಿನ ಸಾಲ್ಫರ್ಡಿನ ಬಿಯರ್ ತಯಾರಕನೊಬ್ಬನ ಮಗ. ತಾವೂ ಆ ಕಾರ್ಖಾನೆಯ ಕೆಲಸ ನೋಡಿಕೊಂಡವರು. ಗಾಂಧಿ ಜಯಂತಿಗೆ ಬೈದು, ಮರುದಿನ ಅವರ ಏಕಮಾನದಲ್ಲಿಯೇ ಲೆಕ್ಕ ಕೊಡುತ್ತಿದ್ದೆನಲ್ಲ!

ನಮ್ಮ ಬೆಂಗಳೂರಿಗೆ ಬಿಯರ್ ಬಂದದ್ದು ಸೈನ್ಯದ ಹಿಂದೆ. 1809ರಲ್ಲಿ ದಂಡು ಪ್ರದೇಶ ಏರ್ಪಟ್ಟ ಮೇಲೆ ಬಿಳಿಯ ಸಿಪಾಯಿಗಳಿಗೆ ಅವರ ದೇಶದ ಪಾನೀಯ ಬೇಕಾಯಿತು. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಐದು ಸಣ್ಣ ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಅವುಗಳಲ್ಲಿ ಅತ್ಯಂತ ಹಳೆಯದಾದ ಕ್ಯಾಸಲ್ ಬ್ರೂವರಿ 1857ರದು. ದೊಡ್ಡ ದೊಡ್ಡ ಮರದ ಪೀಪಾಯಿಗಳಲ್ಲಿ ಬಿಯರ್ ಪಾಳೆಯಗಳಿಗೆ ಹೋಗುತ್ತಿತ್ತು. 1947ರಲ್ಲಿ ವಿಠಲ ಮಲ್ಯರು ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು. ಹಳೆಯ ಗ್ರಾಂಟ್ ರಸ್ತೆಗೆ ಈಗ ಅವರದೇ ಹೆಸರು. ಅಲ್ಲಿದ್ದ ಬ್ರೂವರಿಯ ಜಾಗದಲ್ಲಿ ಈಗ ಯುಬಿ ಸಿಟಿಯ ಗಾಜಿನ ಗೋಪುರಗಳಿವೆ. ನಾನು ನೋಡಿದಂತಹ ಚಿಕ್ಕ ಬ್ರೂವರಿಗಳು ನಗರದಲ್ಲಿ ತಲೆಯೆತ್ತಿದ್ದು 2010ರ ನಂತರ.

ಇಷ್ಟನ್ನು ಕೇಳುತ್ತ, ಹುಡುಗನ ದಪ್ಪ ನೋಟ್‌ಪುಸ್ತಕವನ್ನು ನೋಡುತ್ತ ನಿಂತಿದ್ದೆ. ಪ್ರತಿ ದಿನದ ಉಷ್ಣತೆ, ಸಾಂದ್ರತೆ, ಪಿಎಚ್, ಎಲ್ಲವನ್ನೂ ಗೆರೆ ಹಾಕಿ ಬರೆದಿದ್ದಾನೆ. ಆಗ ನನಗೆ ಬೇರೊಂದು ಬೆಂಗಳೂರು ಕಣ್ಣಮುಂದೆ ಬಂದಿತು.

1981ರ ಜುಲೈ. ನನಗೆ ಆಗ 22 ವರ್ಷ. ಬಿ.ಇಡ್. ಓದಲು ಬಂದು ಒಂದು ವಿದ್ಯಾರ್ಥಿನಿಲಯದಲ್ಲಿದ್ದೆ. ಅಲ್ಲಿ ಅಡುಗೆಮನೆಗೆ ಸೌದೆ ಒಡೆದು ಹಾಕುತ್ತಿದ್ದ ಒಬ್ಬ ಮುದುಕಪ್ಪ. ಒಂದು ಬೆಳಿಗ್ಗೆ ಗೋಡೆ ಹಿಡಿದುಕೊಂಡು ಬಂದು, “ಎಲ್ಲಾ ಮಂಜು ಮಂಜಾಗದೆ ಸ್ವಾಮಿ, ನೀವು ಯಾರು?” ಎಂದು ಕೇಳಿದ. ದಿನವೂ ನೋಡುತ್ತಿದ್ದ ಮುಖವನ್ನು ಅವನು ಗುರುತಿಸಲಿಲ್ಲ. ಹಿಂದಿನ ರಾತ್ರಿ ಕುಡಿದದ್ದು ಇಳಿದಿಲ್ಲವೆಂದು ನಾವು ಕೆಲವರು ನಕ್ಕೆವು. ನಾನೂ ನಕ್ಕೆ. ಮಧ್ಯಾಹ್ನದ ಹೊತ್ತಿಗೆ ಅವನನ್ನು ಜಟಕಾದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಮರಳಿ ಬರಲಿಲ್ಲ. ಆ ಕೆಲವು ದಿನಗಳಲ್ಲಿ ಮಿಥೈಲ್ ಆಲ್ಕೊಹಾಲ್ ಬೆರೆತ ಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಬಹುತೇಕ ಕೂಲಿಕಾರರು.

ಮಿಥೈಲ್ ಆಲ್ಕೊಹಾಲು ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮೊದಲು ದೃಷ್ಟಿನರವನ್ನೇ ಹಿಡಿಯುತ್ತದೆ. ಪದವಿ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಉತ್ತರ ಬರೆದು ಅಂಕ ಪಡೆದವನು ನಾನು. ‘ಮಂಜು’ ಎಂಬ ಮಾತು ಕಿವಿಗೆ ಬಿದ್ದಾಗ ಮಾತ್ರ ಆ ಉತ್ತರ ನೆನಪಾಗಲಿಲ್ಲ. ನಾನು ಪ್ರತಿ ವರ್ಷ ಆ ಪ್ರಬಂಧವನ್ನು ಬರೆಸುತ್ತಿದ್ದುದು ಇದೇ ಕಾರಣಕ್ಕೆ. ನಿಮಗಾರಿಗೂ ಈ ವಿಷಯ ಹೇಳಿರಲಿಲ್ಲ.

ಸಿಪಾಯಿಯ ಬಿಯರಿಗೆ ಪಾಶ್ಚರ್, ಹ್ಯಾನ್ಸನ್, ಸೋರೆನ್ಸನ್ ಎಲ್ಲರೂ ದುಡಿದರು. ಸೌದೆ ಒಡೆಯುವವನ ಲೋಟಕ್ಕೆ ಒಂದು ಪರೀಕ್ಷಾನಳಿಕೆ ಅದ್ದುವವರು ಇರಲಿಲ್ಲ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಒಳ್ಳೆಯದೇ ಆಯಿತೆಂದು ನಾನು ಅಂದು ಸಂತೋಷಪಟ್ಟವನು. ಆದರೆ ಕುಡಿಯುವವನು ಮುಂದೆ ಏನನ್ನು, ಎಷ್ಟು ಬೆಲೆ ಕೊಟ್ಟು ಕುಡಿದನೆಂದು ಅವನ ಹೆಂಡತಿಯನ್ನೇ ಕೇಳಬೇಕು.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ಬಳಿಕ, ಬಾರ್ಲಿಯ ಈ ಪಾನೀಯವನ್ನು ಭಟ್ಟಿ ಇಳಿಸುವುದಿಲ್ಲವಾದ್ದರಿಂದ ಅಂತಹ ಭಯವಿಲ್ಲವೆಂದು ಮೆಲ್ಲಗೆ ವಿವರಿಸಿದ. ಪಾಠ ಒಪ್ಪಿಸುವ ಅದೇ ಹಳೆಯ ಧ್ವನಿ.

ರುಚಿ ನೋಡುವ ಪ್ರಸಂಗವನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವೇ ಊಹಿಸಿಕೊಳ್ಳುತ್ತೀರಿ. ಹುದುಗದ ಸಿಹಿನೀರನ್ನು ಅರ್ಧ ಲೋಟ ಕುಡಿದೆ, ಹಾಲಿಲ್ಲದ ಹಾರ್ಲಿಕ್ಸಿನಂತಿತ್ತು. ಅದೂ ಬಾರ್ಲಿ ಮಾಲ್ಟಿನದೇ ತಾನೆ. ಆಮೇಲೆ ಅವನು ರಾಗಿ ಬೆರೆಸಿ ಮಾಡಿದ ಬಿಯರನ್ನು ಒಂದು ಪುಟ್ಟ ಲೋಟದಲ್ಲಿ ತಂದ. ಒಂದು ಗುಟುಕು ಕುಡಿದೆ. ಮೆಂತ್ಯ ನೆನೆಸಿದ ನೀರಿನ ಕಹಿ, ಹಿಂದೆಯೇ ತೆಳುವಾಗಿ ಹುಳಿ. ಎರಡನೆಯ ಗುಟುಕು ಬೇಕೆನಿಸಲಿಲ್ಲ. ಅವನಿಗೆ ಬೇಸರವಾದಂತೆ ಕಾಣಲಿಲ್ಲ. ಲೋಟವನ್ನು ತೆಗೆದುಕೊಂಡು ತಾನೂ ಕುಡಿಯದೆ ಪಕ್ಕಕ್ಕಿಟ್ಟ.

ಸೋಸಿದ ಬಾರ್ಲಿಯ ಚರಟ ನಗರದ ಹೊರವಲಯದ ಹಸುಗಳಿಗೆ ಹೋಗುತ್ತದಂತೆ. ನಮ್ಮ ಬೀದಿಯ ಹಾಲಿನಾಕೆಗೆಂದು ಒಂದು ಚೀಲ ಕೇಳಿ ತಂದೆ. ಮೆಟ್ರೋದಲ್ಲಿ ಪಕ್ಕದವರು ನನ್ನನ್ನೂ ಚೀಲವನ್ನೂ ಸರದಿಯಂತೆ ನೋಡುತ್ತಿದ್ದರು. ಮನೆಯಲ್ಲಿ ನಮ್ಮವಳು ಬಾಗಿಲಲ್ಲೇ ತಡೆದು, ಮೊದಲು ನನ್ನನ್ನು ಮೂಸಿ, ಆಮೇಲೆ ಚೀಲವನ್ನು ಮೂಸಿ ಒಳಗೆ ಬಿಟ್ಟಳು.